ಲೆಕ್ಕಪರಿಶೋಧನೆಯ ನಂತರ ಮಾಜಿ ಸೈನಿಕರ ಸೇವೆಗಳು: ಮೈಸೂರು, ಮಂಡ್ಯ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೇನೆಯಿಂದ ನಿವೃತ್ತರಾಗಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ನೆಲೆಸಿರುವವರು, ಅವರ ಪತ್ನಿಯರು, ಮಕ್ಕಳು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಸೇವೆಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಂಥ ಇಲಾಖೆಯೊಂದರಲ್ಲಿ ಲೆಕ್ಕಪರಿಶೋಧನೆ ನಡೆದರೆ ಸೇವೆ ನಿಜಕ್ಕೂ ಸುಧಾರಿಸುತ್ತದೆಯೇ, ಸುಧಾರಿಸಬೇಕಾದರೆ ಯಾರು ಏನು ಮಾಡಬೇಕು ಎಂಬುದೇ ಮುಖ್ಯ ವಿಷಯ. ನಿಯಮಗಳ ಪಠ್ಯವನ್ನು ಇಲ್ಲಿ ಮತ್ತೆ ನಕಲು ಮಾಡಿಲ್ಲ. ಅರ್ಜಿ ಹಿಡಿದು ಕಚೇರಿಯ ಕಿಟಕಿಯ ಮುಂದೆ ನಿಲ್ಲುವವರಿಗೆ ಬೇಕಾದಷ್ಟನ್ನು ಹೇಳಲಾಗಿದೆ.

ಲೆಕ್ಕಪರಿಶೋಧನೆ ಎಂದರೆ ಹಣದ ಲೆಕ್ಕ ನೋಡುವುದು ತಾನೇ? ನಮ್ಮ ಅರ್ಜಿಗೂ ಅದಕ್ಕೂ ಏನು ಸಂಬಂಧ?

ಹಣದ ಲೆಕ್ಕ ನೋಡುವುದು ಅದರ ಒಂದು ಭಾಗ ಮಾತ್ರ. ಸಿಎಜಿ, ಅಂದರೆ ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು, ನಡೆಸುವ ಲೆಕ್ಕಪರಿಶೋಧನೆಯಲ್ಲಿ ಮೂರು ಬಗೆಗಳಿವೆ. ಜಮಾ ಖರ್ಚಿನ ಲೆಕ್ಕಪತ್ರ ಸರಿಯಿದೆಯೇ ಎಂದು ನೋಡುವುದು ಹಣಕಾಸು ಲೆಕ್ಕಪರಿಶೋಧನೆ. ಕಾಯ್ದೆ, ನಿಯಮ ಮತ್ತು ಸರ್ಕಾರಿ ಆದೇಶಗಳನ್ನು ಪಾಲಿಸಲಾಗಿದೆಯೇ ಎಂದು ನೋಡುವುದು ಅನುಸರಣಾ ಲೆಕ್ಕಪರಿಶೋಧನೆ. ಒಂದು ಯೋಜನೆ ತನ್ನ ಉದ್ದೇಶವನ್ನು ಮಿತವ್ಯಯದಿಂದ, ದಕ್ಷತೆಯಿಂದ, ಪರಿಣಾಮಕಾರಿಯಾಗಿ ಈಡೇರಿಸಿದೆಯೇ ಎಂದು ಅಳೆಯುವುದು ಕಾರ್ಯನಿರ್ವಹಣಾ ಲೆಕ್ಕಪರಿಶೋಧನೆ. ಮಾಜಿ ಸೈನಿಕರಿಗೆ ಹೆಚ್ಚು ಸಂಬಂಧಪಟ್ಟದ್ದು ಈ ಮೂರನೆಯದು. ಒಬ್ಬ ಸೈನಿಕರ ಪತ್ನಿಗೆ ಮಂಜೂರಾದ ನೆರವಿನ ಹಣ ಪೈಸೆಯೂ ತಪ್ಪದೆ ಪಾವತಿಯಾಗಿದ್ದು, ಆದರೆ ಅದು ಕೈಸೇರುವ ಹೊತ್ತಿಗೆ ಮಗಳ ಓದು ಮುಗಿದೇ ಹೋಗಿದ್ದರೆ, ಹಣಕಾಸಿನ ಲೆಕ್ಕದಲ್ಲಿ ಅಲ್ಲಿ ಯಾವ ದೋಷವೂ ಕಾಣುವುದಿಲ್ಲ. ಕಾರ್ಯನಿರ್ವಹಣೆಯ ದೃಷ್ಟಿಯಿಂದ ನೋಡಿದಾಗ ಮಾತ್ರ ಅದು ದೋಷವಾಗಿ ದಾಖಲಾಗುತ್ತದೆ.

ಈ ಕೆಲಸವನ್ನು ಮಾಡುವವರು ಯಾರು?

ಸಂವಿಧಾನದ 148ನೆಯ ವಿಧಿಯ ಪ್ರಕಾರ ನೇಮಕವಾಗುವ ಸಿಎಜಿ, ಮತ್ತು ಅವರ ಪರವಾಗಿ ಬೆಂಗಳೂರಿನಲ್ಲಿರುವ ಪ್ರಧಾನ ಮಹಾಲೇಖಪಾಲರ ಕಚೇರಿ. ಸಿಎಜಿಯ ಕರ್ತವ್ಯ ಮತ್ತು ಅಧಿಕಾರಗಳನ್ನು 1971ರ ಕಾಯ್ದೆ ವಿವರಿಸುತ್ತದೆ. ಇಲಾಖೆಗಳು ತಮ್ಮೊಳಗೇ ನಡೆಸಿಕೊಳ್ಳುವ ಆಂತರಿಕ ಲೆಕ್ಕಪರಿಶೋಧನೆ ಬೇರೆ. ಅದರ ವರದಿ ಶಾಸನಸಭೆಯ ಮುಂದೆ ಬರುವುದಿಲ್ಲ.

ವರದಿ ಬಂದ ಮೇಲೆ ಏನಾಗುತ್ತದೆ? ಯಾರಾದರೂ ಉತ್ತರ ಕೊಡಲೇಬೇಕೇ?

ಉತ್ತರ ಕೊಡಲೇಬೇಕು, ಅದೂ ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ. ತಪಾಸಣೆಗೆ ಬಂದ ತಂಡ ಮೊದಲು ಕಚೇರಿಯಲ್ಲಿಯೇ ಲಿಖಿತ ವಿಚಾರಣೆಗಳನ್ನು ಕೊಡುತ್ತದೆ. ಸಮಾಧಾನಕರ ಉತ್ತರ ಸಿಗದ ಅಂಶಗಳು ತಪಾಸಣಾ ವರದಿಯ ಕಂಡಿಕೆಗಳಾಗುತ್ತವೆ, ಅಂದರೆ ಆಕ್ಷೇಪಣೆಯ ಪ್ಯಾರಾಗಳಾಗುತ್ತವೆ. ಅವುಗಳಲ್ಲಿ ಗಂಭೀರವಾದವು ಸಿಎಜಿಯ ವರದಿಗೆ ಸೇರುತ್ತವೆ. ಆ ವರದಿ ಸಂವಿಧಾನದ 151ನೆಯ ವಿಧಿಯ 2ನೆಯ ಖಂಡದಂತೆ ರಾಜ್ಯಪಾಲರಿಗೆ ಸಲ್ಲಿಕೆಯಾಗಿ, ಅವರ ಮೂಲಕ ವಿಧಾನಮಂಡಲದ ಮುಂದೆ ಮಂಡನೆಯಾಗುತ್ತದೆ. ಅಲ್ಲಿಂದ ಮುಂದೆ ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೈಗೆ ಹೋಗುತ್ತದೆ. ಸಮಿತಿಯು ಇಲಾಖೆಯ ಕಾರ್ಯದರ್ಶಿಗಳನ್ನು ಕರೆಸಿ ವಿಚಾರಿಸಬಹುದು, ಶಿಫಾರಸು ಮಾಡಬಹುದು. ಇಲಾಖೆ ಕೈಗೊಂಡ ಕ್ರಮದ ವರದಿಯನ್ನು ಒಪ್ಪಿಸಬೇಕು.

ಇಷ್ಟೆಲ್ಲ ಇದ್ದರೂ ಕಂಡಿಕೆ ತೀರುವಳಿಯಾಗುವುದು ಮತ್ತು ಸೇವೆ ಸುಧಾರಿಸುವುದು ಒಂದೇ ಅಲ್ಲ. ಆಕ್ಷೇಪಣೆಗಳಿಗೆ ಇಲಾಖೆ ಕೊಡುವ ಅನುಪಾಲನಾ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾಕ್ಯವಿದೆ: ‘ಈ ಸಂಬಂಧ ಅಧೀನ ಕಚೇರಿಗಳಿಗೆ ಸುತ್ತೋಲೆ ಹೊರಡಿಸಲಾಗಿದೆ.’ ಸುತ್ತೋಲೆ ಹೊರಟಿರುವುದು ಸುಳ್ಳಲ್ಲ. ಆದರೆ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರ ಮೇಜಿನ ಮೇಲೆ ಅದೇ ಹಳೆಯ ವಹಿ, ಅದೇ ಒಬ್ಬ ಗುಮಾಸ್ತ, ಅದೇ ಖಾಲಿ ಹುದ್ದೆಗಳು ಉಳಿದಿದ್ದರೆ ಕಿಟಕಿಯ ಈಚೆ ನಿಂತವರಿಗೆ ಏನೂ ಬದಲಾಗಿರುವುದಿಲ್ಲ. ಸುಧಾರಣೆಯಾಗಿದೆಯೇ ಎಂದು ತಿಳಿಯಬೇಕಾದರೆ ಸುತ್ತೋಲೆಯ ದಿನಾಂಕ ನೋಡಿ ಪ್ರಯೋಜನವಿಲ್ಲ. ಅರ್ಜಿ ಸ್ವೀಕರಿಸಿದ ದಿನಾಂಕಕ್ಕೂ ವಿಲೇವಾರಿಯಾದ ದಿನಾಂಕಕ್ಕೂ ನಡುವಿನ ಅಂತರ ಕಡಿಮೆಯಾಗಿದೆಯೇ ಎಂದು ನೋಡಬೇಕು.

ಲೆಕ್ಕಪರಿಶೋಧಕರಿಗೆ ಬರೆದರೆ ನನ್ನ ಪ್ರಕರಣ ಬಗೆಹರಿಯುತ್ತದೆಯೇ?

ಇಲ್ಲ. ಅವರು ವೈಯಕ್ತಿಕ ಅಹವಾಲುಗಳನ್ನು ಇತ್ಯರ್ಥಪಡಿಸುವ ಪ್ರಾಧಿಕಾರವಲ್ಲ. ಒಂದೇ ಬಗೆಯ ಲೋಪ ಹಲವರಿಗೆ ಆಗುತ್ತಿದೆ ಎಂಬುದನ್ನು ದಾಖಲೆ ಸಹಿತ ತಿಳಿಸಿದರೆ ಮುಂದಿನ ತಪಾಸಣೆಯ ವಿಷಯ ಆರಿಸುವಾಗ ಅದು ಉಪಯೋಗಕ್ಕೆ ಬರಬಹುದು, ಅಷ್ಟೇ.

ತಪಾಸಣೆಗೆ ನಮ್ಮ ಜಿಲ್ಲೆಯನ್ನು ಆರಿಸಿರದಿದ್ದರೆ?

ಎಲ್ಲ ಜಿಲ್ಲೆಗಳ ಎಲ್ಲ ಕಡತಗಳನ್ನೂ ಯಾರೂ ನೋಡುವುದಿಲ್ಲ. ಮಾದರಿಗೆಂದು ಕೆಲವು ಕಚೇರಿಗಳನ್ನು, ಆ ಕಚೇರಿಗಳಲ್ಲಿ ಕೆಲವು ಕಡತಗಳನ್ನು ಆರಿಸುತ್ತಾರೆ. ಹಾಗಿದ್ದರೂ ಶಿಫಾರಸು ಇಡೀ ಇಲಾಖೆಗೆ ಅನ್ವಯಿಸುತ್ತದೆ. ಕೆಲವು ಸಲ ಫಲಾನುಭವಿಗಳ ಸಮೀಕ್ಷೆಯನ್ನೂ, ಇಲಾಖೆಯವರೊಂದಿಗೆ ಜಂಟಿ ಸ್ಥಳ ಪರಿಶೀಲನೆಯನ್ನೂ ಮಾಡುವುದುಂಟು. ಅಂಥ ಸಮಯದಲ್ಲಿ ನಿಮ್ಮ ಮನೆಗೆ ಬಂದವರಿಗೆ ‘ಎಲ್ಲಾ ಚೆನ್ನಾಗಿದೆ ಸಾರ್’ ಎಂದು ಮರ್ಯಾದೆಗೆ ಹೇಳಿ ಕಳುಹಿಸುವ ನಮ್ಮ ಕಡೆಯ ಅಭ್ಯಾಸದಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಯಾವುದು ರಾಜ್ಯ ಸರ್ಕಾರದ ಕೆಲಸ, ಯಾವುದು ಕೇಂದ್ರದ್ದು?

ಹೆಚ್ಚಿನ ಅಲೆದಾಟ ಆರಂಭವಾಗುವುದೇ ಇಲ್ಲಿಂದ. ಪಿಂಚಣಿ ಸಂಪೂರ್ಣವಾಗಿ ಕೇಂದ್ರದ್ದು. ಅದು ಈಗ ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯ ಮೂಲಕ ಪ್ರಯಾಗ್‌ರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ ನಡೆಯುತ್ತದೆ. ಸಮಾನ ಶ್ರೇಣಿಗೆ ಸಮಾನ ಪಿಂಚಣಿಯ ಪರಿಷ್ಕರಣೆಯೂ, 2003ರ ಏಪ್ರಿಲ್ 1ರಂದು ಆರಂಭವಾದ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯೂ, ಮಿಲಿಟರಿ ಕ್ಯಾಂಟೀನೂ ಕೇಂದ್ರಕ್ಕೇ ಸೇರಿದವು. ಆದ್ದರಿಂದಲೇ ಇಸಿಎಚ್‌ಎಸ್ ಕುರಿತು ಸಿಎಜಿ 2015ರಲ್ಲಿ ಕೊಟ್ಟ ವರದಿ ಮಂಡನೆಯಾದದ್ದು ಸಂಸತ್ತಿನಲ್ಲಿ, ವಿಧಾನಸೌಧದಲ್ಲಲ್ಲ. ಮೈಸೂರಿನ ಪಾಲಿಕ್ಲಿನಿಕ್‌ನಲ್ಲಿ ಔಷಧಿ ಸಿಗಲಿಲ್ಲವೆಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಅದು ಸುತ್ತು ಹಾಕಿ ಬರುತ್ತದೆಯೇ ಹೊರತು ಔಷಧಿ ಬರುವುದಿಲ್ಲ.

ಗುರುತಿನ ಚೀಟಿ, ಅವಲಂಬಿತರ ಪ್ರಮಾಣಪತ್ರ, ರಾಜ್ಯದ ಧನಸಹಾಯ, ರಾಜ್ಯ ಸರ್ಕಾರಿ ಹುದ್ದೆಗಳಲ್ಲಿನ ಮೀಸಲಾತಿ, ಜಮೀನು ಮಂಜೂರಾತಿ, ವೃತ್ತಿಶಿಕ್ಷಣ ಪ್ರವೇಶದಲ್ಲಿ ಸೈನಿಕರ ಮಕ್ಕಳಿಗಿರುವ ವಿಶೇಷ ಪ್ರವರ್ಗ ಮುಂತಾದವು ರಾಜ್ಯದ ಹೊಣೆ. ಇವೆರಡರ ನಡುವೆ ಮೂರನೆಯ ಗುಂಪೊಂದಿದೆ: ಹಣ ಕೇಂದ್ರದ್ದು, ಪರಿಶೀಲನೆ ರಾಜ್ಯದ್ದು. ಕೇಂದ್ರೀಯ ಸೈನಿಕ ಮಂಡಳಿಯ ನೆರವುಗಳು ಈ ಗುಂಪಿಗೆ ಸೇರುತ್ತವೆ. ಪಿಂಚಣಿಯಿಲ್ಲದ, 65 ವರ್ಷ ದಾಟಿದ ಹವಾಲ್ದಾರ್ ಶ್ರೇಣಿಯವರೆಗಿನ ಮಾಜಿ ಸೈನಿಕರಿಗೆ ಅಥವಾ ಅವರ ವಿಧವಾ ಪತ್ನಿಯರಿಗೆ ಕೊಡುವ ಬಡತನ ನೆರವು ತಿಂಗಳಿಗೆ 4,000 ರೂಪಾಯಿಯಿಂದ 8,000ಕ್ಕೆ, ಇಬ್ಬರು ಮಕ್ಕಳವರೆಗಿನ ಶಿಕ್ಷಣ ನೆರವು ತಲಾ 1,000ದಿಂದ 2,000ಕ್ಕೆ, ಇಬ್ಬರು ಹೆಣ್ಣುಮಕ್ಕಳವರೆಗಿನ ಮದುವೆ ನೆರವು 50,000ದಿಂದ 1 ಲಕ್ಷಕ್ಕೆ ಏರಿದೆ. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಈ ದರ ಅನ್ವಯಿಸುತ್ತದೆ. ಅರ್ಜಿಯನ್ನು ಮಂಡಳಿಯ ಜಾಲತಾಣದಲ್ಲಿ ಸಲ್ಲಿಸಿದರೂ ದಾಖಲೆ ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕಾದದ್ದು ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ಕಚೇರಿ. ಅರ್ಜಿ ಅಲ್ಲಿ ನಿಂತರೆ ದೆಹಲಿಯಲ್ಲಿ ಹಣವಿದ್ದೂ ಉಪಯೋಗವಿಲ್ಲ. ಈ ಕಚೇರಿಗಳ ವೆಚ್ಚವನ್ನೂ ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ವಿಳಂಬವಾದಾಗ ಹೊಣೆಯನ್ನು ಮಾತ್ರ ಯಾವ ಪ್ರಮಾಣದಲ್ಲಿ ಹಂಚಿಕೊಳ್ಳಬೇಕೆಂದು ಎಲ್ಲಿಯೂ ಬರೆದಿಲ್ಲ.

ಕಚೇರಿಯಲ್ಲಿ ‘ಇದು ಆಗಲ್ಲ, ಇನ್ನೊಂದು ದಾಖಲೆ ತನ್ನಿ’ ಎಂದು ಬಾಯಿಮಾತಿನಲ್ಲೇ ವಾಪಸ್ ಕಳುಹಿಸಿದರು. ಏನು ಮಾಡಬೇಕು?

ಈ ಪುಟದಲ್ಲಿರುವ ಎಲ್ಲ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು.

ಲೆಕ್ಕಪರಿಶೋಧನೆಗೆ ಕಾಣುವುದು ಕಾಗದದಲ್ಲಿರುವುದು ಮಾತ್ರ. ಅರ್ಜಿ ವಹಿಯಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಎಷ್ಟು ತಿರಸ್ಕೃತವಾದವು, ಎಷ್ಟು ದಿನ ಹಿಡಿಯಿತು ಎಂದು ಅವರು ನೋಡುತ್ತಾರೆ. ಸರಗೂರಿನ ಆಚೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಮೈಸೂರಿಗೆ ಬಂದು, ಕಿಟಕಿಯಲ್ಲಿ ಎರಡು ಮಾತು ಕೇಳಿಸಿಕೊಂಡು, ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಮತ್ತೆ ಮಡಚಿಟ್ಟುಕೊಂಡು ಹೊರಟ ಎಪ್ಪತ್ತು ವರ್ಷದ ಹೆಂಗಸಿನ ಹೆಸರು ಆ ವಹಿಯಲ್ಲಿ ಇರುವುದೇ ಇಲ್ಲ. ಅಂಥವರು ಎಷ್ಟು ಹೆಚ್ಚಾದರೆ ಕಚೇರಿಯ ವಿಲೇವಾರಿ ಪ್ರಮಾಣ ಅಷ್ಟು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಕಷ್ಟದ ಪ್ರಕರಣಗಳೆಲ್ಲ ವಹಿಗೆ ಬರುವ ಮೊದಲೇ ಹೊರಗೆ ಉಳಿದಿರುತ್ತವೆ. ಹೀಗಾಗಿ ಒಳ್ಳೆಯ ಅಂಕಿಅಂಶವುಳ್ಳ ಕಚೇರಿ ಒಳ್ಳೆಯ ಸೇವೆ ಕೊಡುತ್ತಿದೆ ಎಂದು ಹೇಳಲಾಗದು.

ಆದ್ದರಿಂದ ದಾಖಲೆ ಅಪೂರ್ಣವಾಗಿದ್ದರೂ ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳ ಬೇಡ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಅರ್ಜಿಯ ಕೊನೆಯಲ್ಲಿ ‘ಈ ಅರ್ಜಿಯನ್ನು ಮಾನ್ಯ ಮಾಡಲು ಸಾಧ್ಯವಿಲ್ಲದಿದ್ದಲ್ಲಿ ಕಾರಣ ಸಹಿತ ಹಿಂಬರಹ ನೀಡಬೇಕಾಗಿ ಕೋರಿಕೆ’ ಎಂದು ಒಂದು ಸಾಲು ಬರೆಯಿರಿ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಸಿಕ್ಕರೆ ಮೇಲ್ಮನವಿಗೆ ಆಧಾರವಾಗುತ್ತದೆ. ಬಾಯಿಮಾತಿನ ‘ಇಲ್ಲ’ ಎಂಬುದಕ್ಕೆ ಮೇಲ್ಮನವಿ ಇಲ್ಲ.

ಇಲಾಖೆಯ ಕಡೆಯಿಂದ ಆಗಬೇಕಾದ ಸುಧಾರಣೆಯೂ ಇಲ್ಲಿಯೇ ಇದೆ. ಬಂದವರೆಲ್ಲರ ಹೆಸರು, ಸೇವಾ ಸಂಖ್ಯೆ, ಬಂದ ಕಾರಣ, ಹೇಳಿ ಕಳುಹಿಸಿದ ಮಾತು ಇವಿಷ್ಟನ್ನು ಬರೆಯುವ ಒಂದು ಭೇಟಿ ವಹಿಯನ್ನು ಪ್ರತಿ ಕಚೇರಿಯೂ ಇಟ್ಟರೆ, ಹೊಸ ತಂತ್ರಾಂಶ ಬರುವ ತನಕ ಕಾಯಬೇಕಾಗಿಲ್ಲ. ಖರ್ಚು ಒಂದು ಉದ್ದನೆಯ ನೋಟ್‌ಪುಸ್ತಕದ್ದು.

ಡಿಸ್ಚಾರ್ಜ್ ಬುಕ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಇದಕ್ಕೆ ಪರಿಹಾರವೇನು?

ಹಳೇ ಮೈಸೂರಿನ ಕಡೆ ಅತಿ ಹೆಚ್ಚು ಕಡತಗಳು ನಿಲ್ಲುವುದು ಈ ಕಾರಣಕ್ಕೆ ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಬಂದು ಸ್ವಂತ ಹೆಸರು ಕೊನೆಯಲ್ಲಿ ನಿಲ್ಲುತ್ತದೆ. ಸೇನೆಯ ದಾಖಲೆ ಬರೆದ ಉತ್ತರ ಭಾರತದ ಗುಮಾಸ್ತರಿಗೆ ಆ ರೂಢಿ ಗೊತ್ತಿರಲಿಲ್ಲ. ಮಂಡ್ಯದ ಕೀಲಾರದವರೊಬ್ಬರನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಶಾಲೆಯಲ್ಲಿ ಅವರು ಕೆ.ಎಂ. ಸಿದ್ದೇಗೌಡ. ಡಿಸ್ಚಾರ್ಜ್ ಬುಕ್‌ನಲ್ಲಿ ‘ಸಿದ್ದೆ ಗೌಡ’ ಎಂದು ಎರಡು ತುಂಡಾಗಿದೆ. ಪ್ಯಾನ್ ಕಾರ್ಡಿನಲ್ಲಿ ‘ಕೀಲಾರ ಮರೀಗೌಡ ಸಿದ್ದೇಗೌಡ’ ಎಂದು ಊರೂ ತಂದೆಯೂ ಸೇರಿಕೊಂಡಿದ್ದಾರೆ. ಆಧಾರ್‌ನಲ್ಲಿ ಬರೀ ‘ಸಿದ್ದೇಗೌಡ’. ಅವರ ಪತ್ನಿ ಜಯಮ್ಮ ಸೇನೆಯ ದಾಖಲೆಯಲ್ಲಿ ‘ಜಯಾ ದೇವಿ’ ಆಗಿದ್ದಾರೆ. ಗಂಡ ಬದುಕಿರುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಅವರು ತೀರಿಹೋದ ಮೇಲೆ ಕುಟುಂಬ ಪಿಂಚಣಿಗೆ ಹೋದಾಗ ಜಯಮ್ಮನವರೇ ಜಯಾ ದೇವಿ ಎಂದು ಸಾಬೀತು ಮಾಡುವ ಕೆಲಸ ಜಯಮ್ಮನವರ ಮೇಲೆ ಬೀಳುತ್ತದೆ.

ಸರಿಪಡಿಸಬೇಕಾದದ್ದು ಆಯಾ ದಳದ ರೆಕಾರ್ಡ್ ಆಫೀಸು. ಮದ್ರಾಸ್ ಸ್ಯಾಪರ್ಸ್‌ನವರಿಗೆ ಅದು ಬೆಂಗಳೂರಿನಲ್ಲಿದೆ, ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್‌ನಲ್ಲಿದೆ, ಫಿರಂಗಿ ದಳದವರಿಗೆ ನಾಸಿಕದಲ್ಲಿದೆ. ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಅಫಿಡವಿಟ್, ಶಾಲಾ ದಾಖಲೆ ಅಥವಾ ಮದುವೆಯ ದಾಖಲೆ, ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ ಇವುಗಳೊಂದಿಗೆ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳುಹಿಸುವುದು ರೂಢಿಯಲ್ಲಿರುವ ದಾರಿ. ಗಂಡ ಹೆಂಡತಿ ಇಬ್ಬರೂ ಇರುವಾಗಲೇ ಮಾಡಿಸಿಡುವುದು ಎಷ್ಟೋ ವಾಸಿ. ಇಂದೇ ಪಿಪಿಒ ತೆಗೆದು ಪತ್ನಿಯ ಹೆಸರು ಮತ್ತು ಜನ್ಮದಿನಾಂಕವನ್ನು ಆಧಾರ್ ಜೊತೆ ಪಕ್ಕಪಕ್ಕದಲ್ಲಿಟ್ಟು ನೋಡಿ.

ಲೆಕ್ಕಪರಿಶೋಧನೆಯ ನಂತರ ಇಲಾಖೆ ಒಂದೇ ಒಂದು ಕೆಲಸ ಮಾಡುವುದಾದರೆ, ಪ್ರತಿ ತಾಲ್ಲೂಕಿನಲ್ಲಿ ಇಂಥ ಹೆಸರು ತಾಳೆ ನೋಡುವ ಶಿಬಿರ ನಡೆಸಲಿ ಎಂದು ನಾನು ಹೇಳುತ್ತೇನೆ. ಸನ್ಮಾನ, ಶಾಲು, ಹಾರಗಳಿಗಿಂತ ಅದು ಹೆಚ್ಚು ಕಾಲ ಉಳಿಯುವ ಉಪಕಾರ.

ಜಮೀನಿಗೆ ದರಖಾಸ್ತು ಕೊಟ್ಟು ವರ್ಷಗಳೇ ಕಳೆದಿವೆ. ಲೆಕ್ಕಪರಿಶೋಧನೆಯಿಂದ ಇದು ಚುರುಕಾಗುತ್ತದೆಯೇ?

1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ವಿಲೇವಾರಿಗೆ ಲಭ್ಯವಿರುವ ಸರ್ಕಾರಿ ಜಮೀನಿನ ಶೇ 10ರಷ್ಟನ್ನು ಸೈನಿಕರಿಗೆ ಮತ್ತು ಮಾಜಿ ಸೈನಿಕರಿಗೆ ಮೀಸಲಿಡಲಾಗಿದೆ. ಇಲ್ಲಿ ‘ಲಭ್ಯವಿರುವ’ ಎಂಬ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ. ಗೋಮಾಳದಲ್ಲಿ 100 ಜಾನುವಾರಿಗೆ 30 ಎಕರೆಯಂತೆ ಉಳಿಸಿಕೊಂಡ ನಂತರ ಹೆಚ್ಚುವರಿ ಇದ್ದರೆ ಮಾತ್ರ ಅದನ್ನು ಮಂಜೂರಾತಿಗೆ ಪರಿಗಣಿಸಬಹುದು. ಮಂಡ್ಯದ ವಿ.ಸಿ. ನಾಲೆಯ ಬಯಲಿನಲ್ಲಿ ಖಾಲಿ ಸರ್ಕಾರಿ ಜಮೀನು ಸಿಗುವುದು ಹೇಗೆ ಎಂದು ಅಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ನಗರದ ಸುತ್ತಮುತ್ತ ಇರುವ ಜಮೀನಿನ ಮೇಲೆ ಎಷ್ಟು ಕಣ್ಣುಗಳಿವೆ ಎಂಬುದೂ ಗುಟ್ಟಲ್ಲ.

ಅರ್ಜಿ ತೀರ್ಮಾನವಾಗುವುದು ಕಂದಾಯ ಇಲಾಖೆಯಲ್ಲಿ, ತಹಶೀಲ್ದಾರರ ಮಟ್ಟದಿಂದ. ಸೈನಿಕ ಕಲ್ಯಾಣ ಕಚೇರಿ ಶಿಫಾರಸು ಮಾಡಬಹುದೇ ಹೊರತು ಮಂಜೂರು ಮಾಡಲಾರದು. ಲೆಕ್ಕಪರಿಶೋಧನೆ ಜಮೀನನ್ನು ಸೃಷ್ಟಿಸುವುದಿಲ್ಲ. ಆದರೆ ಅದು ಕೇಳಬಹುದಾದ, ನಾವೂ ಕೇಳಬೇಕಾದ ಪ್ರಶ್ನೆಗಳಿವೆ: ತಾಲ್ಲೂಕಿನಲ್ಲಿ ಮಾಜಿ ಸೈನಿಕರ ಅರ್ಜಿಗಳ ಜ್ಯೇಷ್ಠತಾ ಪಟ್ಟಿ ಇದೆಯೇ, ಶೇ 10ರ ಲೆಕ್ಕ ಹಾಕಿದ ಕಡತ ಇದೆಯೇ, ಹಿಂದೆ ಅರ್ಜಿ ಕೊಟ್ಟವರಿಗಿಂತ ಮೊದಲು ಇತ್ತೀಚಿನವರಿಗೆ ಮಂಜೂರಾಗಿದೆಯೇ. ಜಮೀನು ಇಲ್ಲವೆಂದಾದರೆ ಅದನ್ನೂ ಲಿಖಿತವಾಗಿ ತಿಳಿಸುವುದು ಮರ್ಯಾದೆ. ಇಪ್ಪತ್ತು ವರ್ಷ ‘ಪರಿಶೀಲನೆಯಲ್ಲಿದೆ’ ಎನ್ನುವುದಕ್ಕಿಂತ ‘ಇಲ್ಲ’ ಎಂಬ ಒಂದು ಹಿಂಬರಹ ಹೆಚ್ಚು ಗೌರವದ್ದು.

ಸರ್ಕಾರಿ ಕೆಲಸದಲ್ಲಿ ಮಾಜಿ ಸೈನಿಕರ ಮೀಸಲಾತಿ ಪೂರ್ಣವಾಗಿ ಭರ್ತಿಯಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಸಮತಲ ಮೀಸಲಾತಿ ಇದೆ. ಅಂದರೆ ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹೀಗೆ ಪ್ರತಿಯೊಂದರ ಒಳಗೂ ಅಷ್ಟು ಪಾಲು. ಗರಿಷ್ಠ ವಯೋಮಿತಿಗೆ ಸೇನೆಯಲ್ಲಿ ಸಲ್ಲಿಸಿದ ಸೇವೆಯ ವರ್ಷಗಳು ಮತ್ತು ಅದರ ಮೇಲೆ 3 ವರ್ಷ ಸೇರುತ್ತವೆ. ಅರ್ಹ ಮಾಜಿ ಸೈನಿಕರು ಸಿಗದಿದ್ದರೆ ಹುದ್ದೆ ಅದೇ ವರ್ಗದ ಬೇರೆ ಅಭ್ಯರ್ಥಿಗೆ ಹೋಗುತ್ತದೆ. ಹಾಗಾಗಿ ಅಧಿಸೂಚನೆಯನ್ನು ನೋಡಿದರೆ ಮೀಸಲಾತಿ ಇದೆ. ಅಂತಿಮ ಆಯ್ಕೆ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಪ್ರತ್ಯೇಕವಾಗಿ ಎಣಿಸಬೇಕು. ಯಾವುದೇ ನೇಮಕಾತಿಯ ಅಧಿಸೂಚನೆ ಮತ್ತು ಅಂತಿಮ ಪಟ್ಟಿ ಎರಡನ್ನೂ ಎದುರು ಬದುರು ಇಟ್ಟುಕೊಂಡರೆ ಅಂತರ ಯಾರಿಗಾದರೂ ಕಾಣುತ್ತದೆ. ಸೇನೆಯಲ್ಲಿ ಹದಿನೇಳು ವರ್ಷ ತಾಂತ್ರಿಕ ಕೆಲಸ ಮಾಡಿದವರ ಅನುಭವವನ್ನು ಹುದ್ದೆಗೆ ಬೇಕಾದ ವಿದ್ಯಾರ್ಹತೆಗೆ ಹೊಂದಿಸುವ ಕೆಲಸ ಸರಿಯಾಗಿ ನಡೆಯದಿರುವುದು ಈ ಅಂತರಕ್ಕೆ ಒಂದು ಕಾರಣ, ಮತ್ತು ಅದು ಇಲಾಖೆಗಳ ನಡುವಿನ ಪತ್ರವ್ಯವಹಾರದಿಂದ ಸರಿಪಡಿಸಬಹುದಾದ ಕಾರಣ.

ಸಿಆರ್‌ಪಿಎಫ್, ಬಿಎಸ್‌ಎಫ್‌ನಿಂದ ನಿವೃತ್ತರಾದವರೂ ಮಾಜಿ ಸೈನಿಕರೇ?

ಊರಿನವರ ಕಣ್ಣಿನಲ್ಲಿ ಹೌದು, ನಿಯಮದಲ್ಲಿ ಅಲ್ಲ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಪ್ರಾಣ ಕೊಟ್ಟ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧರು ಸಿಆರ್‌ಪಿಎಫ್‌ನವರು. ಅಂದು ಇಡೀ ಮಂಡ್ಯ ಜಿಲ್ಲೆ ಬೀದಿಗಿಳಿದಾಗ ಯಾರೂ ಇವರು ಯಾವ ಸಚಿವಾಲಯಕ್ಕೆ ಸೇರಿದವರು ಎಂದು ಕೇಳಲಿಲ್ಲ. ಆದರೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು (ಸಿಎಪಿಎಫ್) ಗೃಹ ಸಚಿವಾಲಯದ ಅಧೀನದಲ್ಲಿವೆ. ಸೈನಿಕ ಮಂಡಳಿಯ ವ್ಯವಸ್ಥೆ ರಕ್ಷಣಾ ಸಚಿವಾಲಯದ ಭೂಸೇನೆ, ನೌಕಾಸೇನೆ, ವಾಯುಸೇನೆಗಳವರಿಗೆ ರೂಪುಗೊಂಡದ್ದು. ನಿವೃತ್ತ ಸಿಎಪಿಎಫ್ ಸಿಬ್ಬಂದಿ ಎಂಬ ಪ್ರತ್ಯೇಕ ಮಾನ್ಯತೆಯನ್ನು ಕೇಂದ್ರ 2012ರಲ್ಲಿ ಕೊಟ್ಟಿತು. ವೃತ್ತಿಶಿಕ್ಷಣ ಪ್ರವೇಶದಲ್ಲಿ ಅವರ ಮಕ್ಕಳಿಗೆ ಬೇರೆಯೇ ಪ್ರವರ್ಗವಿದೆ. ರಾಜ್ಯದ ಯಾವುದೇ ಸೌಲಭ್ಯ ಅವರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಆ ಸೌಲಭ್ಯದ ಆದೇಶದಲ್ಲಿಯೇ ನೋಡಬೇಕು.

ಅಗ್ನಿವೀರರು?

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯ ಪ್ರಕಾರ 4 ವರ್ಷದ ನಂತರ ಹೊರಬರುವವರಿಗೆ ಪಿಂಚಣಿಯಾಗಲಿ ಮಾಜಿ ಸೈನಿಕರ ಸ್ಥಾನಮಾನವಾಗಲಿ ಇಲ್ಲ. ಆದರೂ ಇಪ್ಪತ್ತರ ಹರೆಯದ ಈ ಯುವಕರು ಮೊದಲು ಬಂದು ವಿಚಾರಿಸುವುದು ಸೈನಿಕ ಕಲ್ಯಾಣ ಕಚೇರಿಯಲ್ಲಿಯೇ. ಅವರಿಗೆ ಏನು ಹೇಳಬೇಕು, ಯಾರ ಬಳಿ ಕಳುಹಿಸಬೇಕು ಎಂಬುದನ್ನು ಕಚೇರಿಗಳು ಮೊದಲೇ ಸಿದ್ಧಪಡಿಸಿಕೊಳ್ಳದಿದ್ದರೆ ಮುಂದಿನ ಲೆಕ್ಕಪರಿಶೋಧನೆಗೆ ಹೊಸ ಅಧ್ಯಾಯವೊಂದು ಸಿಗುತ್ತದೆ.

ಕಚೇರಿ ದೂರ. ಊರಿನಲ್ಲಿಯೇ ಕೆಲಸ ಆಗುವಂತಿಲ್ಲವೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ರಾಜ್ಯದ ಹಲವು ಸೇವೆಗಳಿಗೆ ಸೇವಾ ಸಿಂಧು ಜಾಲತಾಣದ ಮೂಲಕ, ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರದ ಮೂಲಕ ಅರ್ಜಿ ಹಾಕಬಹುದು. ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಜೀವನ ಪ್ರಮಾಣಪತ್ರವನ್ನು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಅಥವಾ ಮುಖ ಗುರುತಿನಿಂದ ಮಾಡಿಸಬಹುದು. ಆದರೆ ಬೆರಳಚ್ಚು ಸವೆದುಹೋದ ವಯಸ್ಸಾದವರಿಗೆ, ಮೊಬೈಲ್ ಸಂಖ್ಯೆ ಮಗನ ಹೆಸರಿನಲ್ಲಿರುವವರಿಗೆ ಇದು ಅರ್ಧ ದಾರಿ ಮಾತ್ರ. ಒಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಹೋಗುತ್ತದೆ, ತಾಯಿ ತಿ. ನರಸೀಪುರದ ಕೇಂದ್ರದಲ್ಲಿ ಕುಳಿತಿರುತ್ತಾರೆ, ಮಗ ಮೀಟಿಂಗಿನಲ್ಲಿರುತ್ತಾರೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ಪೇಟೆಯಂಥ ತಾಲ್ಲೂಕು ಕೇಂದ್ರಗಳಿಗೆ ಸಿಬ್ಬಂದಿಯೇ ತಿಂಗಳಿಗೊಂದು ನಿಗದಿತ ದಿನ ಬರುವುದು, ಅದೂ ದಿನ ಬದಲಾಗದೆ ಬರುವುದು, ಇನ್ನೊಂದು ಜಾಲತಾಣಕ್ಕಿಂತ ಹೆಚ್ಚು ಉಪಯುಕ್ತ. ಸಂತೆಯ ದಿನವನ್ನು ಆರಿಸಿದರೆ ಬಸ್ಸೂ ಸಿಗುತ್ತದೆ, ಜನರೂ ಸಿಗುತ್ತಾರೆ.

ಧ್ವಜ ದಿನದ ಹಣ ಎಲ್ಲಿ ಹೋಗುತ್ತದೆ?

1949ರಿಂದ ಪ್ರತಿ ಡಿಸೆಂಬರ್ 7ರಂದು ಆಚರಿಸುವ ಸಶಸ್ತ್ರ ಪಡೆಗಳ ಧ್ವಜ ದಿನದಂದು ಸಂಗ್ರಹವಾಗುವ ದೇಣಿಗೆ ಮಾಜಿ ಸೈನಿಕರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕೆ ಮೀಸಲು. ಶಾಲೆಯ ಮಕ್ಕಳಿಂದ ಹಿಡಿದು ಸರ್ಕಾರಿ ನೌಕರರವರೆಗೆ ಎಲ್ಲರೂ ಕೊಡುವ ಹಣವಾದ್ದರಿಂದ, ಜಿಲ್ಲೆಯಲ್ಲಿ ಎಷ್ಟು ಸಂಗ್ರಹವಾಯಿತು, ಎಷ್ಟು ಜನರಿಗೆ ಎಷ್ಟು ತಲುಪಿತು ಎಂಬುದನ್ನು ಕಚೇರಿಯ ಫಲಕದ ಮೇಲೆ ಹಾಕುವುದು ಕೇಳಿಸಿಕೊಳ್ಳದೆಯೇ ಆಗಬೇಕಾದ ಕೆಲಸ.

ಮಾಹಿತಿ ಹಕ್ಕಿನಲ್ಲಿ ಏನು ಕೇಳಬೇಕು?

ಸಿಎಜಿ ವರದಿಯನ್ನು ಮಂಡನೆಗೆ ಮೊದಲು ಕೇಳಿದರೆ ಶಾಸನಸಭೆಯ ಹಕ್ಕುಚ್ಯುತಿಯ ಕಾರಣ ನೀಡಿ ನಿರಾಕರಿಸಬಹುದು. ಮಂಡನೆಯಾದ ನಂತರ ಅದು ಎಲ್ಲರಿಗೂ ಮುಕ್ತ, ಸಿಎಜಿಯ ಜಾಲತಾಣದಲ್ಲಿಯೇ ಸಿಗುತ್ತದೆ. ನೀವು ಕೇಳಬೇಕಾದದ್ದು ನಿಮ್ಮ ಜಿಲ್ಲೆಯ ಕಚೇರಿಯ ದಾಖಲೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ; ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಹೀಗೆ ಬರೆಯಬಹುದು: ‘ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ತಮ್ಮ ಕಚೇರಿಯಲ್ಲಿ ಧನಸಹಾಯ ಕೋರಿ ಸ್ವೀಕರಿಸಿದ ಅರ್ಜಿಗಳ ವಹಿಯ ಪ್ರತಿ, ಪ್ರತಿ ಅರ್ಜಿಯ ಸ್ವೀಕೃತಿ ಮತ್ತು ವಿಲೇವಾರಿ ದಿನಾಂಕ ಸಹಿತ, ವೈಯಕ್ತಿಕ ವಿವರಗಳನ್ನು ಮರೆಮಾಚಿ ಒದಗಿಸಬೇಕಾಗಿ ಕೋರಿಕೆ.’ ‘ಏಕೆ ವಿಳಂಬವಾಯಿತು’ ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅನಂತರ ಮಾಹಿತಿ ಆಯೋಗ.

ಮಾಜಿ ಸೈನಿಕರ ಸಂಘಗಳು ಏನು ಮಾಡಬಹುದು?

ಜಿಲ್ಲಾ ಸೈನಿಕ ಮಂಡಳಿಯ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಆ ಸಭೆಗೆ ‘ಕೆಲಸ ಆಗುತ್ತಿಲ್ಲ’ ಎಂಬ ಒಟ್ಟಾರೆ ದೂರು ತೆಗೆದುಕೊಂಡು ಹೋದರೆ ‘ಪರಿಶೀಲಿಸಲಾಗುವುದು’ ಎಂಬ ಒಟ್ಟಾರೆ ಉತ್ತರ ಸಿಗುತ್ತದೆ. ಸದಸ್ಯರ ಸ್ವೀಕೃತಿ ಪತ್ರಗಳನ್ನು ಒಟ್ಟುಮಾಡಿ, ಯಾವ ಸೇವೆ, ಯಾವ ದಿನಾಂಕ, ಈಗ ಯಾರ ಮೇಜಿನ ಮೇಲಿದೆ ಎಂಬ ಪಟ್ಟಿಯನ್ನು ಕೊಟ್ಟರೆ ಉತ್ತರವೂ ಅಷ್ಟೇ ನಿಖರವಾಗಿ ಕೊಡಬೇಕಾಗುತ್ತದೆ. ಸೈನಿಕರೆಂದರೆ ಕೊಡಗು ಎಂಬ ಮಾತು ನಮ್ಮ ರಾಜ್ಯದಲ್ಲಿ ರೂಢಿಯಾಗಿರುವುದರಿಂದ ಮೈಸೂರು, ಮಂಡ್ಯದವರು ತಾವಾಗಿಯೇ ಹಿಂದೆ ಸರಿದು ನಿಲ್ಲುವುದುಂಟು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕುದುರೆ ಏರಿ ನುಗ್ಗಿದವರಲ್ಲಿ ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಇದ್ದರು ಎಂಬುದನ್ನು ಅಂಥವರಿಗೆ ನೆನಪಿಸಬೇಕಾಗುತ್ತದೆ.

ದುಡ್ಡು ಕೊಟ್ಟರೆ ಬೇಗ ಮಾಡಿಸಿಕೊಡುತ್ತೇನೆ ಎನ್ನುವವರಿದ್ದಾರೆ.

ಕೊಡಬೇಡಿ. ಡಿಸ್ಚಾರ್ಜ್ ಬುಕ್‌ನ ಮೂಲ ಪ್ರತಿಯನ್ನಂತೂ ಯಾರ ಕೈಗೂ ಬಿಟ್ಟು ಬರಬೇಡಿ. ಸರ್ಕಾರಿ ನೌಕರರೇ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು.

ಅರ್ಜಿ ಕೊಟ್ಟಾಯಿತು, ಸ್ವೀಕೃತಿಯೂ ಇದೆ, ಉತ್ತರ ಮಾತ್ರ ಬಂದಿಲ್ಲ. ಮೊದಲು ಎಲ್ಲಿಗೆ ಹೋಗಬೇಕು?

ಸೇವೆಯು ನಿಗದಿತ ಅವಧಿಯಲ್ಲಿ ಸೇವೆ ಕೊಡಿಸುವ ರಾಜ್ಯದ ಸಕಾಲ ಕಾಯ್ದೆಯ ಪಟ್ಟಿಯಲ್ಲಿದ್ದರೆ ಸ್ವೀಕೃತಿಯ ಮೇಲೆ ಸಕಾಲ ಸಂಖ್ಯೆ ಇರುತ್ತದೆ. 2011ರ ಈ ಕಾಯ್ದೆಯ ಪ್ರಕಾರ ನಿಗದಿತ ಅವಧಿ ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚಕ್ಕೂ ಅವಕಾಶವಿದೆ. ಮೊತ್ತ ಸಣ್ಣದು. ಆದರೆ ಅದು ಪಾವತಿಯಾದಾಗ ವಿಳಂಬಕ್ಕೆ ಯಾರು ಹೊಣೆ ಎಂಬುದು ಅಧಿಕಾರಿಯ ಹೆಸರಿನೊಂದಿಗೆ ದಾಖಲಾಗುತ್ತದೆ, ಮತ್ತು ಅಂಥ ದಾಖಲೆಗಳನ್ನೇ ಲೆಕ್ಕಪರಿಶೋಧಕರು ಹುಡುಕುವುದು. ಸಕಾಲಕ್ಕೆ ಸೇರದ ಸೇವೆಯಾದರೆ 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ನೋಂದಾಯಿಸಿ, ಅವರು ಕೊಡುವ ಸಂಖ್ಯೆಯನ್ನು ಅರ್ಜಿಯ ಪ್ರತಿಯ ಹಿಂಬದಿಯಲ್ಲಿ ದಿನಾಂಕ ಸಹಿತ ಬರೆದಿಡಿ. ಪಿಂಚಣಿ ಅಥವಾ ಇಸಿಎಚ್‌ಎಸ್ ವಿಷಯವಾದರೆ ಈ ಎರಡೂ ದಾರಿಗಳು ಅಲ್ಲ. ಸ್ಪರ್ಶ್ ಅಥವಾ ಇಸಿಎಚ್‌ಎಸ್‌ನ ದೂರು ವಿಭಾಗಕ್ಕೇ ನೇರವಾಗಿ ಹೋಗಬೇಕು, ಜೊತೆಗೆ ಒಂದು ಪ್ರತಿಯನ್ನು ಸೈನಿಕ ಕಲ್ಯಾಣ ಕಚೇರಿಯ ಟಪಾಲಿಗೂ ಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು.